ಅಂಗಡಿಯ ಪಾಟಿಯ ಮೇಲೆ ಯಾರ ಹೆಸರು?

ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಅದಕ್ಕೊಂದು ಹೆಸರಿಡಲು ನಮ್ಮ ಮನೆಗಳಲ್ಲಿ ಎಷ್ಟು ವಿಚಾರ ನಡೆಯುವದೆಂಬದನ್ನು ವಾಚಕರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಅಜ್ಜನ ಹೆಸರೋ ಮನೆದೇವರ ಹೆಸರೋ ಎಂದು ಹಿರಿಯರೂ ಬಳಗದವರೂ ಕೂಡಿ ಚರ್ಚಿಸುವರು; ಸೋದರತ್ತೆಯನ್ನು ಕೇಳದೆ ಮುಂದೆ ಹೆಜ್ಜೆಯಿಡರು. ಆದರೆ ಹತ್ತು ಹೆಣ್ಣುಮಕ್ಕಳ ದುಡಿಮೆಯಿಂದ ಹುಟ್ಟಿದ ಒಂದು ಉದ್ಯಮಕ್ಕೆ ಹೆಸರಿಡುವ ಪ್ರಸಂಗ ಬಂದಾಗ ಇದೇ ಜನರು ಪಾಟಿ ಬರೆಯುವವನು ಬಣ್ಣ ಕಲಸಿಕೊಂಡು ನಿಂತ ಮೇಲೆ ಬಾಯಿಗೆ ಬಂದ ಒಂದು ಮಾತನ್ನು ಹೇಳಿ ಮುಗಿಸಿಬಿಡುವರು. ಕೂಸಿನ ಹೆಸರು ಸೊಗಸಾಗಿರದಿದ್ದರೆ ಒಬ್ಬನಿಗೆ ಮಾತ್ರ ಬೇಸರ. ಉದ್ಯಮದ ಹೆಸರು ಕೆಟ್ಟರೆ ಹಲವು ಮನೆಗಳ ಒಲೆಗೆ ಬಾಧೆ. ಆದಕಾರಣ ಈ ವಿಷಯವನ್ನು ಸಾವಕಾಶವಾಗಿ ವಿಚಾರ ಮಾಡುವದು ಯೋಗ್ಯವೆಂದು ನಾವು ತಿಳಿದಿದ್ದೇವೆ.

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಎಂಬ ನಾಲ್ಕು ತಾಲೂಕುಗಳು ಮೊದಲು ಧಾರವಾಡ ಜಿಲ್ಲೆಯಲ್ಲಿದ್ದು, ೧೯೯೭ರಲ್ಲಿ ಹಾವೇರಿ ಜಿಲ್ಲೆಯು ಬೇರೆಯಾದಾಗ ಅದರೊಳಗೆ ಸೇರಿದವು. ಭತ್ತ, ಹತ್ತಿ, ಗೋವಿನಜೋಳಗಳ ಸೀಮೆಯೆಂದು ಇವು ಹೆಸರಾಗಿವೆ. ಸವಣೂರಿನ ವೀಳ್ಯದೆಲೆಯನ್ನು ಅರಿಯದವರಾರು? ಆದರೆ ಬೆಳೆಯ ಮಾತಿನ ಗದ್ದಲದಲ್ಲಿ ಕೈಕೆಲಸದ ಮಾತು ಮುಚ್ಚಿಹೋಗಿದೆ. ಹಳೆಯ ಸೀರೆ ಧೋತರಗಳನ್ನು ಪದರು ಪದರಾಗಿ ಹಾಸಿ ಹೊಲಿಯುವ ಕೌದಿ, ತಾಂಡಾಗಳ ಲಂಬಾಣಿ ಹೆಣ್ಣುಮಕ್ಕಳು ಕನ್ನಡಿ ಕವಡೆಗಳನ್ನಿಟ್ಟು ಮಾಡುವ ಕಸೂತಿ, ಕುರುಬರ ಕಂಬಳಿ, ಮೇದಾರರ ಬುಟ್ಟಿ ಮೊರಗಳು, ಕುಂಬಾರರ ಗಡಿಗೆ ಹೂಜಿಗಳು ಇವೆಲ್ಲ ಈ ಸೀಮೆಯ ಮನೆ ಮನೆಯ ವಿದ್ಯೆಗಳು. ಇವನ್ನು ಕಲಿಯಲು ಯಾರೂ ಶಾಲೆಗೆ ಹೋದದ್ದಿಲ್ಲ. ತಾಯಿಯ ಕೈ ನೋಡಿ ಮಗಳು ಕಲಿತಳು, ತಂದೆಯ ಕೈ ನೋಡಿ ಮಗನು ಕಲಿತನು. ಈಗ ಸ್ತ್ರೀಶಕ್ತಿ ಸಂಘಗಳು, ಸ್ವಸಹಾಯ ಗುಂಪುಗಳು ಊರೂರಿಗೆ ಆಗಿ, ಮನೆಯ ಬಳಕೆಗೆ ಮಾಡುತ್ತಿದ್ದ ಸಾಮಾನನ್ನು ಮಾರುವ ಮನಸ್ಸು ಹುಟ್ಟಿರುವದು ಸಂತೋಷದ ಸಂಗತಿಯಾಗಿದೆ.

ಇಂಥ ಸಾಮಾನಿಗೆ ಗಿರಾಕಿಗಳಿಲ್ಲವೆಂದಲ್ಲ. ದೊಡ್ಡ ಪಟ್ಟಣಗಳಲ್ಲಿ ಕೈಯಿಂದ ಮಾಡಿದ ವಸ್ತುವಿನ ಮೇಲೆ ಆದರವು ಹೆಚ್ಚಿದೆ. ಆದರೆ ಊರಿನಿಂದ ಹೊರಡುವಾಗ ಕೌದಿಗೆ ಹೆಸರಿರುವದಿಲ್ಲ. ಪೇಟೆಯನ್ನು ಮುಟ್ಟಿದ ಮೇಲೆ ಅದಕ್ಕೊಂದು ಹೆಸರು ಬರುವದು. ಆ ಹೆಸರು ಹೊಲಿದವಳದಲ್ಲ, ಅವಳ ಊರಿನದೂ ಅಲ್ಲ. ನಡುವೆ ನಿಂತು ಕೊಂಡು ಮಾರಿದವನದು. ಅಂಥದೇ ಇನ್ನೊಂದು ಕೌದಿ ಬೇಕಾದ ಗಿರಾಕಿಯು ಆ ಹೆಸರನ್ನು ಹುಡುಕಿಕೊಂಡು ಹೋಗುವನೇ ಹೊರತು ಶಿಗ್ಗಾಂವಿಯ ತಾಂಡಾಕ್ಕೆ ಬರುವದಿಲ್ಲ. ನಡುವಿನ ವ್ಯಾಪಾರಿಯು ನಾಳೆ ಬೇರೊಂದು ಸೀಮೆಯಲ್ಲಿ ಇನ್ನೂ ಅಗ್ಗಕ್ಕೆ ಹೊಲಿಸಿಕೊಂಡರೂ ಗಿರಾಕಿಯು ಅವನ ಕೈಯಲ್ಲಿಯೇ ಉಳಿಯುವನು. ಹೀಗೆ ಕೂಲಿಯು ಹೆಣ್ಣುಮಕ್ಕಳಿಗೆ, ಹೆಸರು ವ್ಯಾಪಾರಿಗೆ ಎಂದು ಪಾಲಾಗಿಬಿಡುವದು. ಕೂಲಿಯು ಆ ದಿನದ ಸಂಜೆಗೆ ತೀರುವದು. ಹೆಸರು ತಲೆಮಾರುಗಳವರೆಗೆ ದುಡಿದು ಕೊಡುವದು. ಆದ್ದರಿಂದ ಹೆಸರೆಂಬದು ಅಂಗಡಿಯ ಅಲಂಕಾರವಲ್ಲ, ಅದೊಂದು ಆಸ್ತಿ.

ಹೆಸರಿಗೆ ಇಷ್ಟು ಬಲವುಂಟೇ ಎಂದು ಸಂದೇಹಪಡುವವರು ನಮ್ಮ ಜಿಲ್ಲೆಯನ್ನೇ ಕಣ್ಣೆತ್ತಿ ನೋಡಲಿ. ಬ್ಯಾಡಗಿಯು ಚಿಕ್ಕ ಊರು. ಆದರೆ ಬ್ಯಾಡಗಿ ಮೆಣಸಿನಕಾಯಿ ಎಂದರೆ ದೇಶವೆಲ್ಲ ಬಲ್ಲದು. ಆ ಮೆಣಸಿನಕಾಯಿ ಬೆಳೆಯುವದು ಬ್ಯಾಡಗಿಯ ಹೊಲಗಳಲ್ಲಿ ಮಾತ್ರವಲ್ಲ, ಸುತ್ತಲಿನ ಹಲವು ತಾಲೂಕು ಜಿಲ್ಲೆಗಳಲ್ಲಿ. ಆದರೂ ಎಲ್ಲವೂ ಆ ಒಂದು ಪೇಟೆಯ ಹೆಸರಿನಿಂದ ಬೆಲೆ ಪಡೆಯುವದು. ೨೦೧೧ರಲ್ಲಿ ಅದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆಯಿತು. ಇನ್ನು ಹಾವೇರಿಯ ಏಲಕ್ಕಿ ಮಾಲೆಯನ್ನು ನೋಡಿರಿ. ಏಲಕ್ಕಿ ಹಾವೇರಿಯ ಮಣ್ಣಿನಲ್ಲಿ ಬೆಳೆಯುವದಿಲ್ಲ. ಅದು ಮಲೆನಾಡಿನ ಸೊತ್ತು. ಆದರೆ ಅದನ್ನು ಮಾಲೆಯಾಗಿ ಪೋಣಿಸುವ ಕೈ ಹಾವೇರಿಯದು. ಆದಕಾರಣ ಹೆಸರೂ ಹಾವೇರಿಯದಾಯಿತು. ೨೦೨೩ರ ಜನವರಿಯಲ್ಲಿ ಎಂಬತ್ತಾರನೆಯ ಕನ್ನಡ ಸಾಹಿತ್ಯ ಸಮ್ಮೇಳನವು ಅಲ್ಲಿ ನೆರೆದಾಗ ಹಾವೇರಿಯನ್ನು ಏಲಕ್ಕಿ ಕಂಪಿನ ನಾಡೆಂದೇ ಜನರು ಕರೆದರು. ವಸ್ತು ಎಲ್ಲಿಂದಲೇ ಬರಲಿ, ಹೆಸರು ಕೈಗೆ ಸಲ್ಲತಕ್ಕದ್ದು ಎಂಬ ನ್ಯಾಯಕ್ಕೆ ಇದಕ್ಕಿಂತ ಹತ್ತಿರದ ದೃಷ್ಟಾಂತ ಬೇಕಿಲ್ಲ.

ಹಾಗಾದರೆ ಹೆಸರು ಎಂಥದಿರಬೇಕು? ಈಗ ಸಾಮಾನ್ಯವಾಗಿ ಇಡುವ ಹೆಸರುಗಳನ್ನು ಒಂದೊಂದಾಗಿ ಪರೀಕ್ಷಿಸೋಣ.

ಮೊದಲನೆಯವು ಇಂಗ್ಲಿಷ್ ಹೆಸರುಗಳು. ಹ್ಯಾಂಡ್‌ಮೇಡ್, ಎಥ್ನಿಕ್, ಕ್ರಾಫ್ಟ್ಸ್, ಕಲೆಕ್ಷನ್ ಎಂಬ ನಾಲ್ಕೈದು ಶಬ್ದಗಳನ್ನು ಹಿಂದೆ ಮುಂದೆ ಮಾಡಿ ಇಟ್ಟ ಹೆಸರುಗಳನ್ನು ಯಾವ ಪಟ್ಟಣದಲ್ಲಿಯಾದರೂ ನೋಡಬಹುದು. ಹೀಗೆ ಇಡುವವರು ಹೇಳುವ ಕಾರಣವು ತೆಗೆದುಹಾಕುವಂಥದಲ್ಲ. ಕೊಳ್ಳುವವರು ಬೆಂಗಳೂರು ಮುಂಬಯಿಗಳಲ್ಲಿದ್ದಾರೆ, ಹೊರದೇಶಗಳಲ್ಲಿದ್ದಾರೆ. ಅವರಿಗೆ ಕನ್ನಡ ಬಾರದು. ಬಾರದ ಭಾಷೆಯ ಹೆಸರನ್ನು ಅವರು ನೆನಪಿಡುವದು ಹೇಗೆ ಎಂದು ಅವರು ಕೇಳುವರು. ಆದರೆ ಖಾದಿ ಎಂಬ ಶಬ್ದವನ್ನು ಯಾರು ಇಂಗ್ಲಿಷಿಗೆ ಪರಿವರ್ತಿಸಿದರು? ಬೀದರಿನ ಬಿದ್ರಿ ಕೆಲಸವೂ ಇಳಕಲ್ಲ ಸೀರೆಯೂ ತಮ್ಮ ಹೆಸರಿನಿಂದಲೇ ಹೊರನಾಡಿಗೆ ಹೋದವು. ಜಪಾನದವರು ತಮ್ಮ ಕಿಮೋನೋವನ್ನು ಕಿಮೋನೋ ಎಂದೇ ಜಗತ್ತಿಗೆ ಕಲಿಸಿದರು. ಕೊಳ್ಳುವವನು ದೂರದ ಊರಿನ ಕೈಕೆಲಸವನ್ನು ಬಯಸುವದೇ ಅದು ದೂರದ ಊರಿನದೆಂಬ ಕಾರಣದಿಂದ. ಅದರ ಮೈಮೇಲೆ ಅವನ ಬೀದಿಯ ಶಬ್ದವನ್ನೇ ಅಂಟಿಸಿ ಕಳಿಸಿದರೆ ಅವನು ಬಯಸಿದ್ದನ್ನು ನಾವೇ ಅಳಿಸಿದಂತಾಗುವದು. ಮೇಲಾಗಿ ‘ಕೈಯಿಂದ ಮಾಡಿದ್ದು’ ಎಂದಷ್ಟೇ ಅರ್ಥವುಳ್ಳ ಶಬ್ದವು ಇಂಗ್ಲಿಷಿನಲ್ಲಿರಲಿ ಕನ್ನಡದಲ್ಲಿರಲಿ ಎಲ್ಲರ ಸೊತ್ತು. ವಸ್ತುವಿನ ಜಾತಿಯನ್ನೋ ಗುಣವನ್ನೋ ಮಾತ್ರ ಹೇಳುವ ಹೆಸರನ್ನು, ಅದು ಬಹುಕಾಲದ ಬಳಕೆಯಿಂದ ಒಬ್ಬರದೇ ಎಂದು ಪ್ರಸಿದ್ಧವಾಗದ ಹೊರತು, ೧೯೯೯ರ ಟ್ರೇಡ್‌ಮಾರ್ಕ್ ಕಾಯದೆಯ ಒಂಬತ್ತನೆಯ ಕಲಮಿನ ಮೇರೆಗೆ ಯಾರ ಹೆಸರಿಗೂ ದಾಖಲು ಮಾಡುವದಿಲ್ಲ. ಕನ್ನಡದಲ್ಲಿ ಬರೆಯುವದಂತೂ ಈಗ ಬರಿಯ ಅಭಿಮಾನದ ಮಾತಾಗಿ ಉಳಿದಿಲ್ಲ. ೨೦೨೪ರಲ್ಲಿ ತಿದ್ದುಪಡಿಯಾದ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯದೆಯಂತೆ ನಾಮಫಲಕದ ಮೇಲುಭಾಗದಲ್ಲಿ ನೂರಕ್ಕೆ ಅರವತ್ತು ಪಾಲು ಕನ್ನಡವಿರಬೇಕು. ಆದರೆ ಇಂಗ್ಲಿಷ್ ಶಬ್ದವನ್ನು ಕನ್ನಡ ಲಿಪಿಯಲ್ಲಿ ಬರೆದ ಮಾತ್ರಕ್ಕೆ ಅದು ಕನ್ನಡವಾದೀತೇ? ಕಾಯದೆಗೆ ಅಷ್ಟು ಸಾಕಾಗಬಹುದು, ನಮಗೆ ಸಾಲದು.

ಎರಡನೆಯವು ಮಹಾಪುರುಷರ ಹೆಸರುಗಳು. ಈ ನಾಲ್ಕು ತಾಲೂಕುಗಳು ಅವರ ವಿಷಯದಲ್ಲಿ ಬಡವಲ್ಲ. ಶಿಗ್ಗಾಂವಿ ತಾಲೂಕಿನ ಬಾಡವು ಕನಕದಾಸರ ಹುಟ್ಟೂರು. ಅದೇ ತಾಲೂಕಿನ ಶಿಶುವಿನಹಾಳವು ಶರೀಫ ಸಾಹೇಬರದು. ಶಿವಯೋಗಮಂದಿರವನ್ನು ೧೯೦೯ರಲ್ಲಿ ಸ್ಥಾಪಿಸಿದ ಕುಮಾರಸ್ವಾಮಿಗಳನ್ನು ನಾಡು ಹಾನಗಲ್ಲ ಕುಮಾರಸ್ವಾಮಿಗಳೆಂದೇ ನೆನೆಯುವದು. ಸರ್ವಜ್ಞನು ಹಿರೇಕೆರೂರು ಸೀಮೆಯವನೆಂದು ಜನರು ನಂಬಿಕೊಂಡು ಬಂದಿದ್ದಾರೆ. ಇಂಥವರ ಹೆಸರಿನಲ್ಲಿ ಅಂಗಡಿ ತೆಗೆಯುವವರ ಭಕ್ತಿಯನ್ನು ನಾವು ಶಂಕಿಸುವದಿಲ್ಲ. ಆದರೆ ನಮಗೆ ಎರಡು ಆಕ್ಷೇಪಗಳುಂಟು. ಒಂದು, ಎಲ್ಲರಿಗೆ ಸೇರಿದ ಹೆಸರು ಒಬ್ಬರ ಸ್ವಂತವಾಗಲಾರದು. ‘ರಾಮಾಯಣ’ ಎಂಬ ಹೆಸರನ್ನು ಊದುಬತ್ತಿಯ ವ್ಯಾಪಾರಕ್ಕೆ ತನ್ನದನ್ನಾಗಿ ಮಾಡಿಕೊಳ್ಳಬಯಸಿದವರ ಮೊಕದ್ದಮೆಯಲ್ಲಿ, ಪವಿತ್ರಗ್ರಂಥದ ಹೆಸರನ್ನು ಯಾರೂ ತಮ್ಮ ಸರಕಿನ ಮುದ್ರೆಯೆಂದು ಕೇಳಲಾಗದೆಂದು ಸುಪ್ರೀಂ ಕೋರ್ಟು ೨೦೧೫ರಲ್ಲಿ ತೀರ್ಪು ಕೊಟ್ಟಿದೆ. ಗಾಂಧೀಜಿಯವರ ಹೆಸರನ್ನು ಸರಕಾರದ ಒಪ್ಪಿಗೆಯಿಲ್ಲದೆ ವ್ಯಾಪಾರಕ್ಕೆ ಬಳಸುವದನ್ನು ೧೯೫೦ರ ಕಾಯದೆಯೇ ತಡೆದಿದೆ. ಕನಕನ ಹೆಸರು, ಸರ್ವಜ್ಞನ ಹೆಸರು ಆ ಪಟ್ಟಿಯಲ್ಲಿಲ್ಲದಿರಬಹುದು. ಆದರೆ ನೀವು ಇಟ್ಟುಕೊಂಡ ಮರುದಿನವೇ ಪಕ್ಕದ ಓಣಿಯವನೂ ಅದನ್ನೇ ಇಟ್ಟುಕೊಂಡರೆ ಯಾವ ಮೋರೆಯಿಂದ ಅವನನ್ನು ತಡೆಯುವಿರಿ? ಎರಡನೆಯ ಆಕ್ಷೇಪವು ಮರ್ಯಾದೆಯದು. ಹೊಲಿಗೆ ಬಿಚ್ಚಿದ ಕೌದಿಯನ್ನು ಹಿಂದಿರುಗಿಸಲು ಬಂದ ಗಿರಾಕಿಯ ಬಾಯಲ್ಲಿ ಆ ಹಿರಿಯರ ಹೆಸರು ಯಾವ ರೀತಿಯಿಂದ ಬಂದೀತೆಂಬದನ್ನು ಭಕ್ತರೇ ಯೋಚಿಸಲಿ.

ಮೂರನೆಯವು ಊರ ಹೆಸರುಗಳು. ಇವುಗಳ ಮೇಲೆ ನಮಗೆ ಮಮತೆ ಹೆಚ್ಚು. ಮೈಸೂರು ಸ್ಯಾಂಡಲ್ ಸೋಪಿನ ಯಶಸ್ಸನ್ನು ಎಲ್ಲರೂ ಎತ್ತಿ ತೋರಿಸುವರು. ಆದರೆ ಅದರ ಹಿಂದೆ ೧೯೧೬ರಲ್ಲಿ ಒಂದು ರಾಜ್ಯದ ಸರಕಾರವೇ ಹೂಡಿದ ಕಾರಖಾನೆಯಿತ್ತು, ಆನೆಯ ಮೋರೆ ಸಿಂಹದ ಮೈಯುಳ್ಳ ಶರಭದ ಗುರುತಿತ್ತು, ನೂರು ವರ್ಷಗಳ ಬಳಕೆಯಿತ್ತು ಎಂಬದನ್ನು ಮರೆಯಬಾರದು. ನಿನ್ನೆ ಹುಟ್ಟಿದ ಸಂಘವು ‘ಸವಣೂರು’ ಎಂದಷ್ಟೇ ಪಾಟಿ ಹಾಕಿದರೆ ಕಾಯದೆಯು ಅದನ್ನು ಸ್ಥಳದ ಗುರುತೆಂದು ತಿಳಿಯುವದೇ ಹೊರತು ಸಂಘದ ಸೊತ್ತೆಂದು ಒಪ್ಪದು. ಅಲ್ಲದೆ ನಾಲ್ಕು ತಾಲೂಕಿನ ಹೆಣ್ಣುಮಕ್ಕಳು ಕೂಡಿ ಮಾರುವ ಸರಕಿಗೆ ಯಾವ ಊರ ಹೆಸರನ್ನಿಡುವದು? ಹಾನಗಲ್ಲೆಂದರೆ ಹಿರೇಕೆರೂರಿನವರಿಗೆ ಸಿಟ್ಟು, ಶಿಗ್ಗಾಂವಿಯೆಂದರೆ ಸವಣೂರಿನವರಿಗೆ ಮುನಿಸು. ಶಾಸನಗಳಲ್ಲಿ ಬರುವ ‘ಪಾನುಂಗಲ್ಲು’ ಎಂಬ ಹಳೆಯ ಹೆಸರನ್ನು ಎತ್ತಿಕೊಳ್ಳೋಣವೆನ್ನುವ ವಿದ್ವಾಂಸರು ಒಮ್ಮೆ ಹಾನಗಲ್ಲ ಸಂತೆಯಲ್ಲಿ ನಿಂತು ಆ ಹೆಸರನ್ನು ಕೇಳಿ ನೋಡಲಿ; ಎಷ್ಟು ಜನ ದಾರಿ ತೋರಿಸುವರೋ ತಿಳಿಯುವದು.

ನದಿಯ ಹೆಸರಿಡುವದೊಂದು ಜಾಣ ದಾರಿ. ೧೯೬೪ರಲ್ಲಿ ಹುಟ್ಟಿದ ರಾಜ್ಯದ ಕರಕುಶಲ ಅಭಿವೃದ್ಧಿ ನಿಗಮವು ತನ್ನ ಮಳಿಗೆಗಳಿಗೆ ‘ಕಾವೇರಿ’ ಎಂದು ಹೆಸರಿಟ್ಟು ಅದನ್ನು ಬೆಳೆಸಿದ್ದನ್ನು ಬಲ್ಲೆವು. ಆದರೆ ಇಲ್ಲಿ ವರದೆಯು ಹಾನಗಲ್ಲ ಸವಣೂರುಗಳ ಸೀಮೆಯಲ್ಲಿ ಹರಿದರೆ ಹಿರೇಕೆರೂರಿನವರ ಪ್ರೀತಿ ಕುಮುದ್ವತಿಯ ಮೇಲೆ. ನದಿಗೂ ತಾಲೂಕಿನ ಅಭಿಮಾನವು ಅಂಟಿಕೊಳ್ಳದೆ ಬಿಡದು. ಇನ್ನು ಸಂಘವನ್ನು ಕಟ್ಟಿದ ಮುಖಂಡರ ಹೆಸರನ್ನೋ, ನೆರವು ಕೊಡಿಸಿದ ರಾಜಕಾರಣಿಯ ಹೆಸರನ್ನೋ ಇಡುವ ಪದ್ಧತಿಯ ವಿಷಯದಲ್ಲಿ ಹೆಚ್ಚು ಹೇಳದಿರುವದೇ ಲೇಸು. ಜೀವಂತ ವ್ಯಕ್ತಿಯ ಹೆಸರಿಗೆ ಆತನ ಒಪ್ಪಿಗೆಯನ್ನು ಕಾಯದೆಯು ಕೇಳಬಹುದು. ಅದಕ್ಕಿಂತ ಮಿಗಿಲಾಗಿ, ಆತನು ಪಕ್ಷವನ್ನು ಬದಲಿಸಿದ ದಿನ ಸಂಘದ ಹೆಣ್ಣುಮಕ್ಕಳು ಏನು ಮಾಡಬೇಕು?

ಹೀಗೆ ಎಲ್ಲವನ್ನೂ ಅಲ್ಲಗಳೆದ ಮೇಲೆ ಉಳಿಯುವದೇನೆಂದು ವಾಚಕರು ಕೇಳಬಹುದು. ಉಳಿಯುವದು ನಮ್ಮ ಜನರ ಬಾಯಲ್ಲಿರುವ ಸಣ್ಣ ಸಣ್ಣ ಶಬ್ದಗಳ ಭಂಡಾರ. ಸವಣೂರಿನ ಮಠದ ಆವರಣದಲ್ಲಿರುವ ಪ್ರಚಂಡವಾದ ಮರಗಳನ್ನು ನೋಡಿದವರು ಬಲ್ಲರು. ಅವು ಆಫ್ರಿಕ ಖಂಡದ ಬಾವೋಬಾಬ್ ಜಾತಿಯವು. ಎಲ್ಲಿಂದಲೋ ಬಂದ ಆ ಮರವನ್ನು ಕಂಡ ನಮ್ಮ ಹಿರಿಯರು ಅದರ ಪರದೇಶಿ ಹೆಸರನ್ನು ಕೇಳುತ್ತ ಕೂಡಲಿಲ್ಲ. ‘ದೊಡ್ಡಹುಣಸೆ’ ಎಂದು ಕರೆದರು. ಮಠಕ್ಕೂ ಅದೇ ಹೆಸರಾಯಿತು. ಸಸ್ಯಶಾಸ್ತ್ರಜ್ಞರು ಅದು ಹುಣಸೆಯ ಬಳಗವಲ್ಲವೆಂದರೇನು? ಕೇಳಿದ ಕೂಡಲೆ ಮರವು ಕಣ್ಣ ಮುಂದೆ ನಿಲ್ಲುವದು, ಮಗುವೂ ಮರೆಯದು. ಹೆಸರಿಡುವ ವಿದ್ಯೆಯನ್ನು ನಾವು ಕಲಿಯಬೇಕಾದದ್ದು ಇಂಥವರಿಂದ. ಕಸೂತಿ ಎಂಬ ಶಬ್ದವನ್ನೇ ನೋಡಿರಿ. ಕೈ ಮತ್ತು ಸೂತಿ, ಅಂದರೆ ಕೈ ಮತ್ತು ನೂಲು, ಎಂಬ ಎರಡೇ ಮಾತು ಕೂಡಿ ಅದಾಯಿತೆಂದು ಹೇಳುವರು. ಅದರ ಹೊಲಿಗೆಗಳಿಗೆ ಗವಂತಿ, ಮುರ್ಗಿ, ನೇಗಿ, ಮೆಂತೆ ಎಂದು ಹೆಸರಿಟ್ಟವರು ಯಾವ ಪಂಡಿತರೂ ಅಲ್ಲ, ಸೂಜಿ ಹಿಡಿದ ಹೆಂಗಸರೇ.

ಆದರೆ ಇಲ್ಲಿಯೂ ಒಂದು ಎಚ್ಚರಿಕೆ ಬೇಕು. ಕೌದಿ ಮಾರುವವರು ‘ಕೌದಿ’ ಎಂದೇ ಹೆಸರಿಟ್ಟರೆ ಅದು ಸರಕಿನ ಹೆಸರಾಯಿತೇ ಹೊರತು ಸಂಘದ ಹೆಸರಾಗಲಿಲ್ಲ. ಸರಕನ್ನು ನೇರವಾಗಿ ಹೇಳದೆ ಅದರ ನೆನಪನ್ನು ತರುವ ಶಬ್ದವೇ ಉತ್ತಮ. ಕೌದಿಯ ಬೆಚ್ಚಗು, ಅಜ್ಜಿಯ ಮಡಿಲು, ನೂಲಿನ ಎಳೆ, ತಾಂಡಾದ ಬೆಳುದಿಂಗಳು, ಗೀಜಗನ ಗೂಡು ಇಂಥ ನೆನಪುಗಳಿಂದ ಹುಟ್ಟಿದ ಒಂದು ಪದ, ಎರಡು ಮೂರು ಅಕ್ಷರಗಳದು, ಸಾಕು. ಅದನ್ನು ಹೊಲಿಯುವವರೇ ಉಚ್ಚರಿಸಿ ನೋಡಲಿ. ದೂರವಾಣಿಯಲ್ಲಿ ಒಮ್ಮೆ ಹೇಳಿದರೆ ಆಚೆಯವನು ತಪ್ಪಿಲ್ಲದೆ ಬರೆದುಕೊಳ್ಳುವನೇ ಎಂದು ಪರೀಕ್ಷಿಸಲಿ. ಕೌದಿ ಎಂಬುದನ್ನೇ ರೋಮನ್ ಲಿಪಿಯಲ್ಲಿ ಒಬ್ಬೊಬ್ಬರು ಒಂದೊಂದು ರೀತಿಯಾಗಿ ಬರೆಯುವರು. ಹೀಗೆ ಬರವಣಿಗೆ ಒಡೆದರೆ ಹುಡುಕುವ ಗಿರಾಕಿಯು ದಾರಿ ತಪ್ಪುವನು. ಆದಕಾರಣ ಳಕಾರ ಣಕಾರಗಳ ತೊಡಕಿಲ್ಲದ, ಯಾವ ಲಿಪಿಯಲ್ಲಿಯೂ ಒಂದೇ ರೀತಿಯಾಗಿ ಬರೆಯಬರುವ ಶಬ್ದವನ್ನು ಆರಿಸುವದು ಜಾಣತನ. ಲಂಬಾಣಿ ಹೆಣ್ಣುಮಕ್ಕಳ ಸಂಘವಾದರೆ ಶಬ್ದವು ಅವರ ಭಾಷೆಯದೇ ಆಗಿರಲಿ. ಅದೂ ಈ ಮಣ್ಣಿನ ಮಾತೇ.

ಲಂಬಾಣಿ ಕೆಲಸದ ಮಾತು ಬಂದದ್ದರಿಂದ ಇನ್ನೊಂದು ಸಂಗತಿಯನ್ನು ಹೇಳುವದು ಅವಶ್ಯ. ‘ಸಂಡೂರು ಲಂಬಾಣಿ ಕಸೂತಿ’ ಎಂಬ ಹೆಸರಿಗೆ ಭೌಗೋಳಿಕ ಸೂಚಕದ ಮಾನ್ಯತೆಯು ದೊರೆತಿದೆ. ಇದು ಸಂಡೂರಿನವರು ವರ್ಷಗಟ್ಟಲೆ ಒಗ್ಗಟ್ಟಿನಿಂದ ದುಡಿದು ಪಡೆದ ಫಲ, ಅವರನ್ನು ಅಭಿನಂದಿಸಲೇಬೇಕು. ಆದರೆ ಸೂಜಿ ಅದೇ, ಕನ್ನಡಿ ಅದೇ, ಕುಲವೂ ಅದೇ ಇದ್ದರೂ ಶಿಗ್ಗಾಂವಿಯ ತಾಂಡಾದವಳು ತನ್ನ ಕೆಲಸವನ್ನು ಸಂಡೂರಿನ ಹೆಸರಿನಿಂದ ಮಾರುವಂತಿಲ್ಲ. ಹೆಸರಿಟ್ಟುಕೊಂಡವರು ಮುಂದೆ ಹೋದರು, ಇಡದವರು ಹಿಂದುಳಿದರು. ನವಲಗುಂದದ ಜಮಖಾನೆ, ಕಿನ್ನಾಳದ ಗೊಂಬೆ, ಇಳಕಲ್ಲ ಸೀರೆ ಇವೆಲ್ಲ ಈ ಮಾನ್ಯತೆಯನ್ನು ಪಡೆದಿರುವಾಗ ನಮ್ಮ ನಾಲ್ಕು ತಾಲೂಕುಗಳ ಕೈಕೆಲಸವು ಯಾವ ಹೆಸರೂ ಇಲ್ಲದೆ ಸಂತೆಯ ಮೂಲೆಯಲ್ಲಿ ಕುಳಿತಿರುವದು ಯಾರ ದೋಷ?

ಹೆಸರು ಹೇಗೆ ಬೆಳೆಯುವದೆಂಬದಕ್ಕೆ ಸಾಗರ ತಾಲೂಕಿನ ಹೆಗ್ಗೋಡಿನ ಕಡೆಗೆ ನೋಡಬಹುದು. ಅಲ್ಲಿಯ ಹೆಣ್ಣುಮಕ್ಕಳ ಸಹಕಾರಿ ಸಂಘದ ಹೆಸರು ‘ಚರಕ’. ರಂಗಕರ್ಮಿ ಪ್ರಸನ್ನರವರು ಅದರ ಬೆನ್ನಿಗೆ ನಿಂತರು. ಅವರ ಕೈಮಗ್ಗದ ಬಟ್ಟೆಯನ್ನು ಮಾರುವ ಮಳಿಗೆಗಳ ಹೆಸರು ‘ದೇಸಿ’. ಎರಡೂ ಚಿಕ್ಕ ಶಬ್ದಗಳು, ಎರಡರಲ್ಲಿಯೂ ಒಂದು ವಿಚಾರವುಂಟು, ಕನ್ನಡ ಬಲ್ಲವರೆಲ್ಲರೂ ಅರ್ಥ ಕೇಳದೆ ತಿಳಿಯಬಲ್ಲರು. ಆದರೆ ಹೆಸರು ಚೆನ್ನಾಗಿದ್ದ ಮಾತ್ರಕ್ಕೆ ಹೊಟ್ಟೆ ತುಂಬುವದಿಲ್ಲವೆಂಬದನ್ನೂ ಅದೇ ಸಂಸ್ಥೆಯು ತೋರಿಸಿದೆ. ೨೦೨೦ರ ಸಾಂಕ್ರಾಮಿಕ ರೋಗದ ಕಾಲದಲ್ಲಿ ಅದು ತನ್ನ ಹಣದ ಅಡಚಣಿಯನ್ನು ನಾಡಿನ ಮುಂದೆ ಬಿಚ್ಚಿ ಹೇಳಬೇಕಾಯಿತು. ಹೆಸರಿಗೆ ಕ್ಷೀರಸಾಗರ, ಮನೆಯಲ್ಲಿ ಮಜ್ಜಿಗೆಗೂ ಗತಿಯಿಲ್ಲ ಎಂಬ ಗಾದೆಯನ್ನು ಹೆಸರಿಡುವವರು ನೆನಪಿನಲ್ಲಿಟ್ಟುಕೊಳ್ಳಬೇಕು.

ಹೆಸರಿನ ಹಿಂದೆ ಒಂದು ವಚನವಿರಬೇಕು. ಆ ವಚನವನ್ನು ಕಾಯುವ ಶಕ್ತಿಯೂ ಇರಬೇಕು. ಖಾದಿಯ ಚರಿತ್ರೆಯು ಇದಕ್ಕೆ ಸಾಕ್ಷಿ. ಖಾದಿ ಎಂದರೆ ಕೈಯಿಂದ ನೂತು ಕೈಯಿಂದ ನೇಯ್ದ ಬಟ್ಟೆಯೆಂದು ದೇಶವು ನಂಬಿತು. ಆ ನಂಬಿಗೆಯನ್ನು ಗಿರಣಿಯ ಬಟ್ಟೆಯವರೂ ಬಳಸಿಕೊಳ್ಳತೊಡಗಿದಾಗ ಕೈಬಟ್ಟೆ ಯಾವದೆಂದು ಗುರುತಿಸಲು ೨೦೧೩ರಲ್ಲಿ ಖಾದಿ ಮುದ್ರೆಯ ನಿಯಮಗಳನ್ನು ಮಾಡಬೇಕಾಯಿತು. ನಮ್ಮ ಹುಬ್ಬಳ್ಳಿಯ ಬೆಂಗೇರಿಯಲ್ಲಿ, ೧೯೫೭ರಲ್ಲಿ ಹುಟ್ಟಿದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘವು ರಾಷ್ಟ್ರಧ್ವಜವನ್ನು ಸಿದ್ಧಪಡಿಸುತ್ತಿದೆ. ಧ್ವಜವು ಕೈನೂಲಿನ ಕೈಮಗ್ಗದ ಬಟ್ಟೆಯದೇ ಆಗಿರಬೇಕೆಂಬ ನಿಯಮವನ್ನು ೨೦೨೧ರ ಡಿಸೆಂಬರದಲ್ಲಿ ಸಡಿಲಿಸಿ, ಯಂತ್ರದಿಂದಾದ ಪಾಲಿಯೆಸ್ಟರ್ ಧ್ವಜಕ್ಕೂ ಒಪ್ಪಿಗೆಯಿತ್ತಾಗ ಆ ಸಂಘದ ಕೆಲಸಗಾರರಿಗೆ ಬಿದ್ದ ಪೆಟ್ಟನ್ನು ಈ ಭಾಗದ ಜನರು ಮರೆತಿಲ್ಲ. ಕೈಯಿಂದಾದದ್ದಕ್ಕೂ ಯಂತ್ರದಿಂದಾದದ್ದಕ್ಕೂ ಇರುವ ಗೆರೆಯು ಅಳಿಸಿದಲ್ಲಿ ಮೊದಲು ಅಳಿಯುವದು ಕೈ. ಇಂದು ಕಸೂತಿಯ ಚಿತ್ತಾರವನ್ನು ಬಟ್ಟೆಯ ಮೇಲೆ ಅಚ್ಚೊತ್ತಿ ಮಾರುವವರಿದ್ದಾರೆ. ಆದಕಾರಣ ಸಂಘದ ಹೆಸರಿನಡಿಯಲ್ಲಿ ಯಂತ್ರದ ಹೊಲಿಗೆಯ ಒಂದು ತುಂಡೂ ಹೋಗಬಾರದು. ಹೋದರೆ ಹಾಗೆ ಮಾಡಿದವರು ಸಂಘದವರೇ ಆಗಿರಲಿ, ಹೊರಗಾಗತಕ್ಕದ್ದು.

ಇನ್ನು ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ: ಹೆಸರು ದಾಖಲಾಗುವದು ಯಾರದೆಂದು? ಇಲ್ಲಿಯೇ ನಮ್ಮ ಹೆಣ್ಣುಮಕ್ಕಳು ಮೋಸಹೋಗುವ ಸಂಭವವುಂಟು. ಪ್ರದರ್ಶನದಲ್ಲಿ ಸರಕನ್ನು ಮೆಚ್ಚಿ ‘ಕಾಗದಪತ್ರದ ತೊಂದರೆ ನಿಮಗೇಕೆ, ನಾನೇ ಎಲ್ಲ ಮಾಡಿಸುವೆನು’ ಎಂದು ಮುಂದೆ ಬರುವ ಉಪಕಾರಿಯು ಹೆಸರನ್ನು ತನ್ನದೆಂದು ದಾಖಲು ಮಾಡಿಸಿಕೊಂಡರೆ, ಸಂಘದವರು ಕಟ್ಟಿಬೆಳೆಸಿದ ಹೆಸರಿಗಾಗ� ಕೋರ್ಟಿನ ಬಾಗಿಲನ್ನು ಹತ್ತಬೇಕಾದೀತು. ಮೊದಲಿನಿಂದ ಬಳಸುತ್ತ ಬಂದವರ ಹಕ್ಕನ್ನು ಕಾಯದೆಯು ಕಾಯುವದೆಂಬದು ನಿಜ. ಆದರೆ ಅದಕ್ಕೆ ಪುರಾವೆ ಬೇಕು, ವಕೀಲರು ಬೇಕು, ವರ್ಷಗಳು ಬೇಕು. ಕೌದಿ ಹೊಲಿಯುವವಳಲ್ಲಿ ಇವು ಮೂರೂ ಇಲ್ಲ. ಮೊದಲೇ ದಾಖಲು ಮಾಡಿಸುವದು ಅಷ್ಟೇನೂ ಭಾರವಲ್ಲ. ಸರಕಾರದ ಟ್ರೇಡ್‌ಮಾರ್ಕ್ ದಫ್ತರದಲ್ಲಿ ಅಂಥದೇ ಹೆಸರು ಈಗಾಗಲೆ ಇದೆಯೇ ಎಂದು ಪುಕ್ಕಟೆಯಾಗಿ ಹುಡುಕಬಹುದು. ೨೦೧೭ರ ನಿಯಮಗಳಂತೆ ಸಣ್ಣ ಉದ್ಯಮದವರು ಗಣಕಯಂತ್ರದ ಮೂಲಕ ಅರ್ಜಿ ಹಾಕಿದರೆ ಒಂದು ವರ್ಗದ ಸರಕಿಗೆ ೪,೫೦೦ ರೂಪಾಯಿ ಶುಲ್ಕ. ದಾಖಲಾದ ಹೆಸರು ಹತ್ತು ವರ್ಷ ನಿಲ್ಲುವದು. ಮತ್ತೆ ಹತ್ತು ಹತ್ತು ವರ್ಷಕ್ಕೆ ಮುಂದುವರಿಸಬಹುದು. ಸರಕುಗಳನ್ನೂ ಸೇವೆಗಳನ್ನೂ ೪೫ ವರ್ಗಗಳಾಗಿ ಹಂಚಿದ್ದಾರೆ. ಹಾಸಿಗೆ ಹೊದಿಕೆಗಳು ೨೪ನೆಯದರಲ್ಲಿ, ಉಡುಪುಗಳು ೨೫ನೆಯದರಲ್ಲಿ, ಕಸೂತಿಯು ೨೬ನೆಯದರಲ್ಲಿ ಬರುವವು. ಎಲ್ಲಕ್ಕೂ ಒಮ್ಮೆಲೆ ಹಣ ಸುರಿಯದೆ, ಹೆಚ್ಚು ಮಾರುವ ಸರಕಿನಿಂದ ಆರಂಭಿಸುವದು ವಿವೇಕ.

ದಾಖಲಾಗುವ ಹೆಸರಿನ ಒಡೆತನವು ಅಧ್ಯಕ್ಷೆಯದಾಗಲಿ ಕಾರ್ಯದರ್ಶಿಯದಾಗಲಿ ಇರಕೂಡದು. ನಾಲ್ಕು ತಾಲೂಕಿನ ಗುಂಪುಗಳು ಕೂಡಿ ಕಾಯದೆಬದ್ಧವಾದ ಒಂದು ಸಹಕಾರಿ ಸಂಘವನ್ನು ಕಟ್ಟಿ ಆ ಸಂಘವೇ ಒಡೆಯನಾಗಲಿ. ಅದೇ ಕಾಯದೆಯಲ್ಲಿ ಸಾಮೂಹಿಕ ಮುದ್ರೆಯೆಂಬ ವ್ಯವಸ್ಥೆಯುಂಟು. ಅದರಲ್ಲಿ ಹೆಸರು ಸಂಘದ್ದು, ಬಳಸುವ ಹಕ್ಕು ಸದಸ್ಯರದು. ಯಾರು ಬಳಸಬಹುದು, ತಪ್ಪಿದರೆ ಏನು ಶಿಕ್ಷೆ ಎಂಬ ನಿಯಮಗಳನ್ನೂ ಸಂಘವೇ ಬರೆದು ಸಲ್ಲಿಸಬೇಕು. ಹೀಗಾದರೆ ಊರೂರಿನ ಜಗಳವೂ ತೀರುವದು: ಮೇಲೆ ಎಲ್ಲರದಾದ ಒಂದು ಹೆಸರು, ಅದರ ಕೆಳಗೆ ಊರ ಹೆಸರು, ಅದರ ಕೆಳಗೆ ಹೊಲಿದವಳ ಹೆಸರು. ಹಾನಗಲ್ಲಿನ ಕೌದಿ ಹಾನಗಲ್ಲಿನದೇ ಆಗಿ ಉಳಿಯುವದು, ಹಿರೇಕೆರೂರಿನ ಬುಟ್ಟಿ ಹಿರೇಕೆರೂರಿನದೇ.

ಈ ಕಾರ್ಯದಲ್ಲಿ ಓದುಬಲ್ಲ ಪಟ್ಟಣಿಗರಿಗೂ ಅಧಿಕಾರಿಗಳಿಗೂ ಕರ್ತವ್ಯವುಂಟು. ಶಿಗ್ಗಾಂವಿ ತಾಲೂಕಿನ ಗೊಟಗೋಡಿಯಲ್ಲಿಯೇ ಕರ್ನಾಟಕ ಜಾನಪದ ವಿಶ್ವವಿದ್ಯಾಲಯವು ೨೦೧೧ರಿಂದ ಇದೆ. ಕೌದಿಯ ಮೂಲೆಗೆ, ಬುಟ್ಟಿಯ ಅಂಚಿಗೆ, ಕಂಬಳಿಯ ದಡಿಗೆ ಆಯಾ ಕೆಲಸದವರು ಹೇಳುವ ಪದಗಳನ್ನು ಅದು ಈ ನಾಲ್ಕು ತಾಲೂಕುಗಳಿಂದ ಸಂಗ್ರಹಿಸಿ ಒಂದು ಪಟ್ಟಿಯನ್ನು ಮಾಡಿಕೊಟ್ಟರೆ ಹೆಸರಿಡುವವರಿಗೆ ಅದಕ್ಕಿಂತ ದೊಡ್ಡ ಉಪಕಾರವಿಲ್ಲ. ತಾಲೂಕು ಪಂಚಾಯಿತಿಯ ಅಧಿಕಾರಿಗಳು ಮೇಳಗಳನ್ನು ಉದ್ಘಾಟಿಸಿ ಹಾರ ಹಾಕಿಸಿಕೊಳ್ಳುವದರ ಜೊತೆಗೆ, ಒಂದೊಂದು ಒಕ್ಕೂಟದ ಅರ್ಜಿಯನ್ನು ಕೈಹಿಡಿದು ತುಂಬಿಸಿಕೊಡಲಿ. ನಮ್ಮ ವಕೀಲ ಬಂಧುಗಳು ವರ್ಷಕ್ಕೊಂದು ಸಂಘದ ಕಾಗದಪತ್ರವನ್ನು ಶುಲ್ಕವಿಲ್ಲದೆ ನೋಡಿಕೊಡುವದು ಅವರ ಘನತೆಗೆ ಕುಂದಲ್ಲ.

ಮುಂಬಯಿಯಲ್ಲಿ ೧೯೦೬ರಲ್ಲಿ ಸ್ವದೇಶಿ ಚಳವಳಿಯ ಕಾವಿನಲ್ಲಿ ಹುಟ್ಟಿದ ಬಾಂಬೇ ಸ್ವದೇಶಿ ಸಹಕಾರಿ ಭಂಡಾರವೆಂಬ ಅಂಗಡಿಯು ಕಾಲಾನಂತರದಲ್ಲಿ ‘ಸ್ವದೇಶಿ’ ಎಂಬ ಶಬ್ದವನ್ನು ಬಿಟ್ಟು ಬರಿಯ ಬಾಂಬೇ ಸ್ಟೋರ್ ಆಯಿತು. ಅದರ ಗುಣದೋಷವನ್ನು ಎಣಿಸುವದು ಇಲ್ಲಿ ಪ್ರಸ್ತುತವಲ್ಲ. ಆದರೆ ಆ ಒಂದು ಶಬ್ದವು ಹೋದದ್ದರಿಂದ ಅಂಗಡಿಯು ಯಾತಕ್ಕಾಗಿ ಹುಟ್ಟಿತೆಂಬದು ಇಂದಿನ ಗಿರಾಕಿಗೆ ಪಾಟಿಯನ್ನು ನೋಡಿ ತಿಳಿಯುವಂತಿಲ್ಲ. ಹೆಸರು ನೆನಪನ್ನು ಕಾಯುವದು. ಹೆಸರು ಹೋದರೆ ನೆನಪೂ ಹೋಗುವದು.

ಕೈ ಕೆಸರಾದರೆ ಬಾಯಿ ಮೊಸರು ಎಂದು ನಮ್ಮ ಹಿರಿಯರು ಹೇಳಿದರು. ಆದರೆ ಕೆಸರು ಒಬ್ಬರ ಕೈಗೆ, ಮೊಸರು ಇನ್ನೊಬ್ಬರ ಬಾಯಿಗೆ ಆಗುತ್ತಿರುವ ಈ ಕಾಲದಲ್ಲಿ ಆ ಗಾದೆಯನ್ನು ನಿಜಮಾಡಬೇಕಾದರೆ ಮೊಸರಿನ ಗಡಿಗೆಯ ಮೇಲೆ ಕಡೆದವಳ ಹೆಸರಿರಬೇಕು. ಹೆಸರನ್ನು ಹುಡುಕಲು ಹೊರಟವರು ದೂರ ಹೋಗಬೇಕಾಗಿಲ್ಲ. ಮಧ್ಯಾಹ್ನದ ಹೊತ್ತು ಕಟ್ಟೆಯ ಮೇಲೆ ಕೂತು ಕೌದಿ ಹೊಲಿಯುವ ಅಜ್ಜಿಯನ್ನು ‘ಯವ್ವಾ, ಇದಕ್ಕ ಏನಂತೀರಿ?’ ಎಂದು ಕೇಳಿರಿ. ಅವಳ ಬಾಯಿಂದ ಬಂದ ಮಾತನ್ನು ಬರೆದುಕೊಳ್ಳಿರಿ. ಪಾಟಿ ಬರೆಯುವವನನ್ನು ಆಮೇಲೆ ಕರೆಯಿರಿ.